ಮುಟ್ಟದೆ ಮಾಡಿದ ಕ್ಷೌರ

ನನಗೆ ಕೂದಲು ಉಳಿದಿರುವುದು ಎರಡು ಕಿವಿಗಳ ಮೇಲೆ ಮಾತ್ರ. ಆದರೂ ತಿಂಗಳಿಗೊಮ್ಮೆ ನಮ್ಮ ವಿಶ್ವವಿದ್ಯಾಲಯದ ಕ್ಷೌರದಂಗಡಿಗೆ ತಪ್ಪದೆ ಹೋಗುತ್ತೇನೆ. "ಕತ್ತರಿಸಿಕೊಳ್ಳೋಕೆ ಹೋಗ್ತೀರೋ, ಹುಡುಕಿಸಿಕೊಳ್ಳೋಕೋ?" ಎಂದು ಹೆಂಡತಿ ಕೇಳುತ್ತಾಳೆ. ಅಂಗಡಿಯವರು ಮಾತ್ರ ಒಂದು ದಿನವೂ ನಕ್ಕವರಲ್ಲ. ಪೊದೆಯಂಥ ತಲೆಗೂ ನನ್ನಂಥ ಬಯಲಿಗೂ ಅದೇ ಬಿಳಿ ಬಟ್ಟೆ ಹೊದಿಸಿ, ಅಷ್ಟೇ ಗಂಭೀರವಾಗಿ ಕತ್ತರಿ ಎತ್ತುತ್ತಾರೆ.

ವಿದ್ಯಾರ್ಥಿಗಳು ಅವರಿಗೆ ಇಟ್ಟ ಹೆಸರು ಕತ್ತರಿ ಮಾವ. ಹಾಸ್ಟೆಲಿನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಇಪ್ಪತ್ತೆರಡು ವರ್ಷದಿಂದ ಇಷ್ಟೇ ಅವರ ಸಂಸ್ಥಾನ. ಗಿರಾಕಿಯ ತಲೆಯನ್ನು ಎಡಗೈಯ ಎರಡು ಬೆರಳಿಂದ ಒತ್ತಿ ಬೇಕಾದ ಕಡೆ ತಿರುಗಿಸುವುದು ಅವರ ಕ್ರಮ. ಕೆಲಸ ಮುಗಿದ ಮೇಲೆ ನೆತ್ತಿಗೆ ಅಂಗೈಯಿಂದ ಎರಡು ಸಲ ತಟ್ಟುತ್ತಾರೆ, ಕಟ್ಟಿ ಮುಗಿಸಿದ ಗೋಡೆಯನ್ನು ಮೇಸ್ತ್ರಿ ತಟ್ಟುವ ಹಾಗೆ. ಕುಲಪತಿಗಳ ನೆತ್ತಿಯೂ ಈ ಏಟಿನಿಂದ ಪಾರಾಗಿಲ್ಲ.

ಹೀಗಿರುವಾಗ ದೂರದೇಶದಿಂದ ಸಂಶೋಧನೆಗೆ ಬಂದ ಒಬ್ಬ ವಿದ್ಯಾರ್ಥಿ ಆ ಕುರ್ಚಿಯಲ್ಲಿ ಕೂತ. ಬೆರಳು ಒತ್ತಿದಾಗಲೆಲ್ಲ ಹಲ್ಲು ಕಚ್ಚಿ ಸಹಿಸಿದನಂತೆ. ಕೊನೆಗೆ ನೆತ್ತಿಗೆ ಎರಡು ಏಟು ಬಿದ್ದವು. ಅದೇ ಹೊತ್ತಿಗೆ ಬೆಂಚಿನ ಮೇಲಿದ್ದವರು ತಮ್ಮ ಯಾವುದೋ ಮಾತಿಗೆ ನಕ್ಕರು. ಹುಡುಗ ಕೊರಳಿಗೆ ಕಟ್ಟಿದ್ದ ಬಿಳಿ ಬಟ್ಟೆಯ ಸಮೇತ ಎದ್ದು ಹೊರಟುಹೋದ. ಮಾರನೆಯ ದಿನ ದೂರು ಬಂತು. ಅವರ ಕಡೆ ತಲೆಯೆಂದರೆ ಮನುಷ್ಯನ ಮಾನ ಇರುವ ಜಾಗ. ಕೇಳದೆ ಮುಟ್ಟುವಂತಿಲ್ಲ, ನಾಲ್ಕು ಜನರ ಎದುರು ತಟ್ಟುವುದಂತೂ ಮುಖಕ್ಕೆ ಉಗಿದ ಹಾಗೆ.

ವಿಚಾರಿಸಿ ಮೂರು ವಾರದಲ್ಲಿ ವರದಿ ಕೊಡಿ, ದೂರು ನಿಜವಾದರೆ ಅಂಗಡಿ ಖಾಲಿ ಮಾಡಿಸುತ್ತೇವೆ ಎಂದು ಆಡಳಿತ ಕಚೇರಿಯವರು ನನಗೆ ಬರೆದರು. ನಾನು ಇಲ್ಲಿನ ಸಂಸ್ಕೃತಿ ವಿನಿಮಯ ಕೇಂದ್ರದ ಮುಖ್ಯಸ್ಥ. ಪರದೇಶದವರೊಡನೆ ಹೇಗೆ ನಡೆದುಕೊಳ್ಳಬೇಕೆಂದು ವರ್ಷಕ್ಕೆ ನಲವತ್ತು ಉಪನ್ಯಾಸ ಕೊಡುವವನು. ಒಂದನ್ನೂ ಮೆಟ್ಟಿಲ ಕೆಳಗಿನ ಕೋಣೆಗೆ ಇಳಿಸಿದವನಲ್ಲ.

ವಿದ್ಯಾರ್ಥಿಯನ್ನು ಕರೆಸಿದೆ. ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿತು. ಸಮಾಧಾನ ಮಾಡಲು ನನ್ನ ಕೈ ತಾನಾಗಿ ಮೇಲೆದ್ದು ಅವನ ತಲೆಯ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ಎಚ್ಚರವಾಗಿ, ಆ ಕೈಯನ್ನು ಫ್ಯಾನಿನತ್ತ ತಿರುಗಿಸಿ "ಸೆಕೆ ಜಾಸ್ತಿ ಅಲ್ವಾ?" ಎಂದೆ. ಅವನು ಎಲ್ಲವನ್ನೂ ನೋಡಿದ್ದ. ಪಾಪ, ಹೌದು ಅಂದ.

ಅಲ್ಲಿಂದ ಮಾವನ ಬಳಿ ಹೋಗಿ ವಿಷಯ ತಿಳಿಸಿದೆ. ಅಂಗಡಿ ಹೋಗಬಹುದು ಎಂದೂ ಹೇಳಿದೆ. "ನನಗೆ ಗೊತ್ತಿಲ್ಲದೆ ಆಯ್ತು" ಅಂತ ಅವರು ಹೇಳಬಹುದೆಂದು ಕಾದೆ. ಬರೆದುಕೊಳ್ಳಲು ಪೆನ್ನೂ ತೆಗೆದಿದ್ದೆ. ಅವರು ಕೇಳಿದ್ದು ಬೇರೆ.

"ಹಾಗಾದ್ರೆ ಅವರೂರಲ್ಲಿ ಕ್ಷೌರ ಹೇಗೆ ಮಾಡ್ತಾರೆ, ಮೇಷ್ಟ್ರೇ?"

ನಲವತ್ತು ಉಪನ್ಯಾಸಗಳನ್ನು ಮನಸ್ಸಿನಲ್ಲೇ ತಿರುವಿ ಹಾಕಿದೆ. ಎಲ್ಲೂ ಇರಲಿಲ್ಲ. "ವಿಚಾರಿಸಿ ಹೇಳ್ತೀನಿ" ಎಂದು ಜಾರಿಕೊಂಡೆ.

ಮೂರನೆಯ ವಾರದ ಕೊನೆಗೆ, ಇಬ್ಬರನ್ನೂ ಎದುರುಬದುರು ಕೂರಿಸಿ ಕೇಳಿಬಿಡೋಣವೆಂದು ವಿದ್ಯಾರ್ಥಿಗೆ ಹನ್ನೊಂದಕ್ಕೆ ಅಂಗಡಿಗೇ ಬರಹೇಳಿದೆ. ನಾನು ಅರ್ಧ ಗಂಟೆ ಮುಂಚೆಯೇ ಹೋದೆ. ಸುಮ್ಮನೆ ಕೂರುವ ಬದಲು ಕಿವಿಯ ಮೇಲಿನ ಆಸ್ತಿಯನ್ನು ಸರಿಮಾಡಿಸೋಣವೆಂದು ಕುರ್ಚಿ ಏರಿದೆ.

ಮಾವ ಕನ್ನಡಿಯಲ್ಲಿ ನನ್ನ ಕಣ್ಣು ನೋಡಿ, "ತಲೆ ಮುಟ್ಟಬಹುದಾ?" ಎಂದರು.

ಐವತ್ತೆರಡು ವರ್ಷದಲ್ಲಿ ಈ ತಲೆಯನ್ನು ಯಾರೂ ಹೀಗೆ ಕೇಳಿರಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಮುಟ್ಟಿ ಎಂದೆ. ಆದರೆ ಅವರ ಕೈ ಮುಟ್ಟಲೇ ಇಲ್ಲ. ಬಾಚಣಿಗೆಯ ತುದಿ, ಕತ್ತರಿಯ ಅಲಗು, ಅಷ್ಟೇ. ಎಡಗೈಯ ಆ ಎರಡು ಬೆರಳನ್ನು ಹಳೇ ಲಾಡಿಯ ತುಂಡಿನಿಂದ ಜೋಡಿಸಿ ಕಟ್ಟಿದ್ದರು, ಅಭ್ಯಾಸಬಲದಿಂದ ಎಲ್ಲಿ ಒತ್ತಿಬಿಡುತ್ತವೋ ಎಂದು. ನನ್ನ ತಲೆ ತಿರುಗಬೇಕಾದಲ್ಲಿ ಅವರೇ ತಿರುಗಿದರು. ನಾನು ಬಗ್ಗಬೇಕಾದಲ್ಲಿ ಅವರೇ ಬಗ್ಗಿದರು. ಕಿವಿಯ ಹಿಂದಕ್ಕೆ ಬಂದಾಗ ನೆಲಕ್ಕೆ ಒಂದು ಮೊಣಕಾಲು ಊರಿ, ಕತ್ತು ಓರೆ ಮಾಡಿ, ಕೆಳಗಿನಿಂದ ಕತ್ತರಿಸಿದರು. ಅರವತ್ತು ದಾಟಿದ ಮೊಣಕಾಲು ಲಟಕ್ ಎಂದಿತು. ನಾನು ಉಸಿರು ಬಿಗಿಹಿಡಿದು, ದೊಡ್ಡ ಮನುಷ್ಯರ ಮನೆಗೆ ಬಂದವನ ಹಾಗೆ ಕೂತಿದ್ದೆ.

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದೆ. ಆ ದೇಶದ ಇನ್ನಿಬ್ಬರು ಹುಡುಗರು ಹಾಸ್ಟೆಲಿನಲ್ಲೇ ಇದ್ದರಂತೆ, ಹೋಗಿ ಕೇಳಿದರಂತೆ. ಮೊದಲು ಅಪ್ಪಣೆ ಕೇಳಬೇಕು, ತಟ್ಟಬಾರದು, ಇಷ್ಟೇ ಅವರು ಹೇಳಿದ್ದು. ಮಂಡಿಯೂರುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

"ಬೆರಳಿಗೆ ಇಪ್ಪತ್ತೆರಡು ವರ್ಷದ ಚಾಳಿ," ಎಂದರು ಮಾವ. "ಅದು ಬಿಡೋವರೆಗೂ ಕೈ ದೂರ ಇರಲಿ ಅಂತ."

ಕೊನೆಗೆ ನನ್ನ ನೆತ್ತಿ ಎರಡು ಏಟಿಗೆ ಕಾಯಿತು. ಬರಲಿಲ್ಲ. ಊಟವಾದ ಮೇಲೆ ಕೈ ತೊಳೆಯದೆ ಎದ್ದ ಹಾಗಾಯಿತು.

ಬಾಗಿಲಲ್ಲಿ ವಿದ್ಯಾರ್ಥಿ ನಿಂತಿದ್ದ. ಯಾವಾಗ ಬಂದಿದ್ದನೋ ತಿಳಿಯದು. ಕೈಯಲ್ಲಿ ಒಗೆದು ಮಡಿಸಿದ ಬಿಳಿ ಬಟ್ಟೆ. ನಾನು ಕಡತ ಬಿಚ್ಚಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನು ಆ ಬಟ್ಟೆಯನ್ನು ಮಾವನಿಗೆ ಕೊಟ್ಟು, ಕುರ್ಚಿಯಲ್ಲಿ ಕೂತುಬಿಟ್ಟ.

ಮಾವ ಬಟ್ಟೆ ಹೊದಿಸಿ ಅಪ್ಪಣೆ ಕೇಳಿದರು. ಅವನು ತಲೆ ಆಡಿಸಿದ. ಕತ್ತರಿ ಶುರುವಾಯಿತು. ಕಿವಿಯ ಹಿಂದಿನ ಭಾಗ ಬಂದಾಗ ಕನ್ನಡಿಯಿಂದ ಮಾವ ಮಾಯವಾದರು. ಮತ್ತೆ ಲಟಕ್ ಎಂದಿತು. ಹುಡುಗ ಕನ್ನಡಿಯಲ್ಲಿ ತನ್ನೊಬ್ಬನ ಮುಖವನ್ನೇ ನೋಡಿದ.

"ಮಾವ, ಎದ್ದೇಳಿ," ಎಂದ.

ಅವರು ಎದ್ದರು. ಬಟ್ಟೆಯ ಅಡಿಯಿಂದ ಕೈ ಹೊರತೆಗೆದು ಅವನು ಅವರ ಬೆರಳಿನ ಲಾಡಿ ಬಿಚ್ಚಿದ. ಆ ಎರಡು ಬೆರಳನ್ನು ತಾನೇ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡ.

"ತಿರುಗಿಸಿ. ನಿಮಗೆ ಮಾತ್ರ."

ಮಾವ ಮೆಲ್ಲಗೆ ಒತ್ತಿದರು. ಅಳತೆ ತಪ್ಪದ ಬೆರಳವು. ತಲೆ ಹೂವಿನ ಹಾಗೆ ಪಕ್ಕಕ್ಕೆ ವಾಲಿತು.

ಕ್ಷೌರ ಮುಗಿದಾಗ ಮಾವನ ಅಂಗೈ ಮೇಲೆದ್ದು, ನೆನಪಾಗಿ, ಬಟ್ಟೆ ಕೊಡವಲು ಹೋಯಿತು. ಹುಡುಗ ಕಡತದಿಂದ ತನ್ನ ದೂರನ್ನು ಕೇಳಿ ಇಸಿದುಕೊಂಡು, ಮಡಚಿ ಜೇಬಿಗೆ ಹಾಕಿ ಹೊರಟ. ವರದಿಯಲ್ಲಿ ಬರೆಯಲು ನನಗೆ ಉಳಿದದ್ದು ಅಂಗಡಿ ಇರಲಿ ಎಂಬ ಎರಡೇ ಪದ.

ಅವನು ಮರೆಯಾದ ಮೇಲೆ, ಯಾರೂ ಇಲ್ಲದ್ದು ನೋಡಿ, ನಾನು ಮತ್ತೆ ಕುರ್ಚಿಯಲ್ಲಿ ಕೂತೆ. ನನ್ನ ಎರಡು ಏಟು ಬಾಕಿ ಇದೆಯಲ್ಲ ಎಂದು ನೆನಪಿಸಿದೆ. ಮಾವ ಅದಕ್ಕೂ ಮೊದಲು ಅಪ್ಪಣೆ ಕೇಳಿದರು. ಆಮೇಲೆ ತಟ್ಟಿದರು. ಬರಿದಾದ ನೆತ್ತಿಯಾದ್ದರಿಂದ ಸದ್ದು ಚೆನ್ನಾಗಿಯೇ ಬಂತು.