ಬೈಗುಳಕ್ಕೆ ಒನ್ಸ್ ಮೋರ್

ಮೊದಲು ಬ್ಯಾಂಡಿನಲ್ಲಿ ಇದ್ದವರು ಇಬ್ಬರೇ. ಗಿಟಾರಿಗೆ ನಾನು, ಡ್ರಮ್ಮಿಗೆ ಅರಕಲಗೂಡಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಗೆಳೆಯ. ಹಾಸನದಲ್ಲಿ ನಾನು ಕೆಲಸ ಮಾಡುವ ಪಂಪ್‌ಸೆಟ್ ಅಂಗಡಿಯ ಗೋಡೌನಿನಲ್ಲಿ ಭಾನುವಾರ ಪಂಕ್ ಅಭ್ಯಾಸ. ಪಂಕ್ ಅಂದರೆ ನಮಗೆ ಗೊತ್ತಿದ್ದುದು ಇಷ್ಟೇ: ಜೋರಾಗಿ ಬಾರಿಸಬೇಕು, ಜೋರಾಗಿ ಬೈಯಬೇಕು. ಬೈದೂ ಬೈದೂ ನನ್ನ ಗಂಟಲು ಕೆಟ್ಟಿತು. ಡಾಕ್ಟರು, "ಇನ್ನು ಕಿರುಚಿದರೆ ಮಾತೂ ಹೋಗುತ್ತೆ" ಅಂದರು.

ಹಾಗಾಗಿ ಹೊಳೆನರಸೀಪುರದಿಂದ ಟೀಚರ್ ಬಂದರು. ಮಕ್ಕಳಿಗೆ ಸುಗಮ ಸಂಗೀತ ಹೇಳಿಕೊಡುವವರು. "ಕಿರುಚೋಕೆ ನನಗೆ ಬರಲ್ಲ. ಬೈಗುಳವನ್ನ ಬೇಕಾದ್ರೆ ಹಾಡ್ತೀನಿ" ಅಂದರು. ನಮ್ಮ ಗದ್ದಲದ ಮೇಲೆ ಅವರ ದನಿ ಜೋಗುಳದ ಹಾಗೆ ತೇಲಿತು. ಇಂಟರ್ನೆಟ್ಟಿಗೆ ಹಾಕಿದ ಹಾಡು ಕೇಳಿ ಯಾರೋ ಇದು 'ಮೆಲೋಡಿಕ್ ಪಂಕ್' ಅಂತ ಬರೆದರು. ಇರಬಹುದು ಅಂದುಕೊಂಡು ನಾವು ಬ್ಯಾನರಿಗೂ ಅದನ್ನೇ ಹಾಕಿಸಿದೆವು.

ಚನ್ನರಾಯಪಟ್ಟಣದಲ್ಲಿ ಒಂದು ಸಮುದಾಯ ಭವನದ ಉದ್ಘಾಟನೆಗೆ ಕರೆ ಬಂತು. ಮುಖ್ಯ ಅತಿಥಿ ಆ ಕಡೆಯ ಮುಖಂಡರು. ಅವರ ಸುದ್ದಿಯೇ ಇಲ್ಲ. ಜನ ಸುಮ್ಮನಿರಲಿ ಅಂತ ನಮ್ಮನ್ನು ವೇದಿಕೆ ಹತ್ತಿಸಿದರು. ಟೀಚರ್ ಕಣ್ಣು ಮುಚ್ಚಿ ಶುರು ಮಾಡಿದರು:

"ಇನ್ನೇನು ಬಂದೇಬಿಟ್ರು, ಕೂತ್ಕೊಳ್ರಪ್ಪಾ ಕೂತ್ಕೊಳ್ರಿ
ಬಂದ್ಮೇಲೆ ಭಾಷಣವಂತೆ, ನಿದ್ದೆ ಮಾಡಿ ಎದ್ಕೊಳ್ರಿ"

ಅಷ್ಟರಲ್ಲಿ ಮುಖಂಡರು ಬಂದೇಬಿಟ್ಟರು. ಹಾರ ಹಾಕಿಸಿಕೊಂಡು ಮುಂದಿನ ಸೋಫಾದಲ್ಲಿ ಕೂತು, ತೊಡೆಯ ಮೇಲೆ ತಾಳ ಹಾಕಿದರು. ಹಾಡು ಮುಗಿದಾಗ ಕಣ್ಣಲ್ಲಿ ನೀರಾಡುತ್ತಿತ್ತು. "ಅಮ್ಮಾ, ಬಲು ಪಸಂದಾಗದೆ. ಇನ್ನೊಂದ್ಸಲ ಹಾಡು."

ಡ್ರಮ್ಮಿನ ಗೆಳೆಯ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಟೀಚರ್ ಮಾತ್ರ ಮಕ್ಕಳಿಗೆ ಪಾಠ ಹೇಳಿಕೊಡುವವರ ಹಾಗೆ, ಒಂದೊಂದು ಪದವನ್ನೂ ಬಿಡಿಸಿ ಹಾಡಿದರು. ಈ ಸಲ ಮುಖಂಡರಿಗೆ ಸಾಹಿತ್ಯವೂ ಕೇಳಿಸಿತು. ತಾಳ ನಿಂತಿತು. ಹಿಂದಿನ ಸಾಲಿನ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದರು.

ಊಟದ ಹೊತ್ತಿಗೆ ನನಗೆ ಬುಲಾವ್.

"ಏನ್ಲಾ, ನನ್ ಮೇಲೇ ಕಟ್ಟಿದ್ದಾ?"

"ಇಲ್ಲ ಸಾ. ಎಲ್ರ ಮೇಲೂ ಸಾ."

"ಸುಮ್ಕಿರು. ಬರೋ ವಾರ ಅರಕಲಗೂಡಲ್ಲಿ ಇನ್ನೊಬ್ನದು ಫಂಕ್ಷನ್ ಐತೆ. ಅವನು ನನಗಿಂತ್ಲೂ ಲೇಟು ಕಣ್ಲಾ. ಅಲ್ಲಿಗೋಗಿ ಇದ್ನೇ ಹಾಡಿ. ಕಾರು ನಾನ್ ಕಳುಸ್ತೀನಿ."

ಇನ್ನೊಬ್ಬರು ಅಂದರೆ ಇವರ ಎದುರಾಳಿ. ಅರಕಲಗೂಡಲ್ಲಿ ಹಾಡಿದೆವು. ಅವರು ಜಾಣರು, ಮೊದಲ ಸಲಕ್ಕೇ ಅರ್ಥ ಮಾಡಿಕೊಂಡು, ಕಳಿಸಿದವರು ಯಾರೆಂದು ಕೇಳಿ ತಿಳಿದುಕೊಂಡು, ನಮ್ಮನ್ನು ತಮ್ಮ ಕಾರಿನಲ್ಲೇ ವಾಪಸು ಮೊದಲಿನ ಮುಖಂಡರ ಮೇಲೇ ಛೂ ಬಿಟ್ಟರು. ಆ ಬೇಸಿಗೆಯೆಲ್ಲ ಇದೇ ಆಯಿತು. ಇಬ್ಬರ ಕಾರುಗಳಲ್ಲೂ ಸರದಿಯಂತೆ ಓಡಾಡಿದೆವು. ಟೀಚರ್ ಪ್ರತಿ ಸಲವೂ ಹೊಸ ಚರಣ ಸೇರಿಸುತ್ತಿದ್ದರು. ಗೆಳೆಯ ಹೋಳಿಗೆ ತಿಂದೂ ತಿಂದೂ ಡ್ರಮ್ಮಿನ ಸ್ಟೂಲು ಬದಲಾಯಿಸಬೇಕಾಯಿತು. ಬ್ಯಾನರಿನಲ್ಲಿ 'ಸ್ವತಂತ್ರ ಬ್ಯಾಂಡ್' ಅಂತಲೂ ಇತ್ತು. ಅದನ್ನು ಓದುವಾಗ ಟೀಚರ್ ಮೂತಿ ತಿರುವುತ್ತಿದ್ದರು. ನಾನು ಕಾರಿನ ಕಿಟಕಿ ಇಳಿಸಿ ಗಾಳಿ ತಗೊಳ್ಳುತ್ತಿದ್ದೆ.

ಕೊನೆಗೆ ಹೊಳೆನರಸೀಪುರದ ಒಂದು ಕಾರ್ಯಕ್ರಮಕ್ಕೆ ಹೋದಾಗ ನೋಡಿದರೆ, ಇಬ್ಬರೂ ಒಂದೇ ಸೋಫಾದಲ್ಲಿ! ಇವರ ಮಗನಿಗೆ ಅವರ ಮಗಳನ್ನು ತಂದುಕೊಂಡು ಬೀಗರಾಗುತ್ತಿದ್ದರಂತೆ. ಅದಕ್ಕಿಂತ ಆಶ್ಚರ್ಯ, ಇಬ್ಬರೂ ಟೈಮಿಗೆ ಮುಂಚೆಯೇ ಬಂದಿದ್ದರು. ಜನವೇ ಬಂದಿರಲಿಲ್ಲ.

"ಇವತ್ತು ಭಾವಗೀತೆ ಹಾಡಿಬಿಡೋಣ ಟೀಚರ್" ಅಂದೆ.

"ಯಾಕೆ? ಇದು ನಮ್ಮೂರು" ಅಂದರು. ಈ ಸಾಲು ಅಲ್ಲೇ ಕಟ್ಟಿದ್ದು:

"ಮೊನ್ನೆ ಮೊನ್ನೆ ಹಾವು ಮುಂಗ್ಸಿ, ಇವತ್ತೊಂದೇ ಸೋಫಾ
ನಮ್ ಕುರ್ಚಿ ಮಾತ್ರ ಮುರ್ದೇ ಐತೆ, ಕೂರೋದೆಲ್ಲಪ್ಪಾ"

ಖಾಲಿ ಹಾಲಿನಲ್ಲಿ ಒಂದೊಂದು ಅಕ್ಷರವೂ ಗೋಡೆಗೆ ಬಡಿದು ಎರಡೆರಡು ಸಲ ಕೇಳಿಸಿತು. ಬೀಗರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗು ಬರಲಿಲ್ಲ.

ವಾಪಸು ಕಾರು ಕಳಿಸುವವರು ಯಾರೂ ಇರಲಿಲ್ಲ. ಮಧ್ಯಾಹ್ನದ ಹಾಸನದ ಬಸ್ಸಿಗೆ ಡ್ರಮ್ಮು ಹತ್ತಿಸಿದೆವು. ಹಿಂದಿನ ಸೀಟಿನ ಅಜ್ಜಿಯೊಬ್ಬರು ಅದರ ಮೇಲೆ ಸೊಪ್ಪಿನ ಕಂತೆ ಇಟ್ಟು ನಿದ್ದೆ ಹೋದರು.

ಈಗ ಕರೆಯುವವರು ಕಡಿಮೆ. ಕಾಲೇಜಿನ ಹುಡುಗರು ಆಗೊಮ್ಮೆ ಈಗೊಮ್ಮೆ ಕರೆಯುತ್ತಾರೆ. ಹೋದ ಭಾನುವಾರ ಗೋಡೌನಿನಲ್ಲಿ ಟೀಚರ್ ಹೊಸ ಹಾಡೊಂದನ್ನು ಗುನುಗುತ್ತಿದ್ದರು. ಕಾರು, ಕಿಟಕಿ, ಗಾಳಿ ಅಂತೇನೋ ಕೇಳಿಸಿತು. ಯಾರ ಮೇಲೆ ಅಂತ ಕೇಳಿದೆ. ಡ್ರಮ್ಮಿನವನು ಕಿಸಕ್ಕನೆ ನಕ್ಕ. "ನೀವು ಗಿಟಾರ್ ನುಡಿಸಿ ಸಾಕು" ಅಂದರು ಟೀಚರ್.