ಆಯಿಸಮ್ಮನವರ ಆರು ಗಂಟೆ

ನನ್ನ ನಿವೃತ್ತಿಗೆ ಇನ್ನೊಂದು ವರ್ಷ ಉಳಿದಿತ್ತು. ಪುತ್ತೂರಿನ ಒಂದು ಮಧುಮೇಹ ಚಿಕಿತ್ಸಾಲಯದಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ರೋಗಿಗಳು ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಗ್ಲುಕೋಮೀಟರಿನ ಅಂಕಿಗಳನ್ನು ಕಂಪ್ಯೂಟರಿಗೆ ಇಳಿಸಿ ಡೇಟಾ ಫ್ರೇಮ್ ಮಾಡುವ ಕೆಲಸ ಹೊಸದಾಗಿ ನನ್ನ ತಲೆಗೆ ಬಿದ್ದಿತ್ತು. ಡೇಟಾ ಫ್ರೇಮ್ ಎಂದರೆ ಸಾಲು, ಕಾಲಂಗಳ ಕೋಷ್ಟಕ. ಪ್ರತಿ ಸಾಲಿನಲ್ಲಿ ಸಕ್ಕರೆ ಎಷ್ಟು, ನೋಡಿದ ಹೊತ್ತು ಯಾವುದು ಎಂದಿರುತ್ತದೆ. ಈ ಪ್ರಾಯದಲ್ಲಿ ಇದನ್ನು ಕಲಿತೆನೆಂಬ ಜಂಬವೂ ನನಗೆ ಸ್ವಲ್ಪ ಇತ್ತು.

ರಂಜಾನಿನ ಮೊದಲ ವಾರ ಕಳೆದ ಮೇಲೆ ಕಲ್ಲುಗುಂಡಿಯ ಆಯಿಸಮ್ಮ ಸೊಸೆಯೊಂದಿಗೆ ಬಂದರು. ಡಾಕ್ಟರರ ಒಪ್ಪಿಗೆ ಪಡೆದೇ ಉಪವಾಸ ಹಿಡಿದಿದ್ದರು. ಆದರೆ ನನ್ನ ಕೋಷ್ಟಕದಲ್ಲಿ ದಿನಾ ಸಂಜೆ ಆರು ಗಂಟೆಗೆ ಸಕ್ಕರೆ ಇನ್ನೂರು ದಾಟಿತ್ತು. ಆ ಹೊತ್ತಿಗೆ ಸೂರ್ಯ ಮುಳುಗಿರುವುದೇ ಇಲ್ಲ.

"ಹಗಲು ಎಂತಾದ್ರೂ ತಿಂತೀರಾ?" ಡಾಕ್ಟರ್ ಕೇಳಿದರು.

"ಮಸೀದಿಯ ಬಾಂಗ್ ಕೇಳದೆ ನಾನು ನೀರು ಸಹ ಮುಟ್ಟುದಿಲ್ಲ ಡಾಕ್ಟ್ರೆ."

ಸೊಸೆ ಅತ್ತೆಯ ಮುಖವನ್ನು ಒಂದು ಥರಾ ನೋಡಿದಳು. ಆಯಿಸಮ್ಮನ ಕಣ್ಣು ತುಂಬಿತು. ಉಪವಾಸ ನಿಲ್ಲಿಸಬೇಕಾದೀತು ಎಂದು ಡಾಕ್ಟರ್ ಹೇಳಿದ್ದಕ್ಕಿಂತ, ತಾನು ಸುಳ್ಳುಗಾತಿಯಾದದ್ದೇ ಅವರಿಗೆ ಹೆಚ್ಚು ನೋವು ಕೊಟ್ಟಿತು. ಹತ್ತು ನಿಮಿಷ ಕೊಡಿ ಎಂದು ಡಾಕ್ಟರರಲ್ಲಿ ಕೇಳಿ ಆಯಿಸಮ್ಮನನ್ನು ಲ್ಯಾಬಿಗೆ ಕರೆದುಕೊಂಡು ಹೋದೆ.

"ಬೆಳಿಗ್ಗೆ ಎಷ್ಟು ಹೊತ್ತಿಗೆ ನೋಡುದು?"

"ಊಟಕ್ಕೆ ಕೂರುವ ಮೊದಲು. ನಾಲ್ಕೂವರೆಗೆ."

ಕೋಷ್ಟಕದಲ್ಲಿ ಅದು ಮೂರು ಗಂಟೆ ಎಂದಿತ್ತು. ಮೀಟರನ್ನು ಆನ್ ಮಾಡಿದೆ. ಪರದೆಯಲ್ಲಿ ಒಂಬತ್ತು ನಲವತ್ತು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಹತ್ತು.

"ಈ ಮೀಟರ್ ಎಲ್ಲಿಯದ್ದು?"

"ಮಗ ದುಬೈಯಿಂದ ತಂದದ್ದು."

ಮೀಟರ್ ಹೊತ್ತನ್ನು ಮಾತ್ರ ಬರೆದಿಡುತ್ತದೆ, ಯಾವ ದೇಶದ ಹೊತ್ತೆಂದು ಬರೆದಿಡುವುದಿಲ್ಲ. ಎಲ್ಲವೂ ಭಾರತದ್ದೇ ಎಂದುಕೊಂಡದ್ದು ನಾನು. ಅವರ ಸಾಲುಗಳಿಗೆ ದುಬೈ ಸಮಯವೆಂದು ಗುರುತು ಹಾಕಿ, ಭಾರತದ ಸಮಯಕ್ಕೆ ಪರಿವರ್ತಿಸಿದೆ. ಆರು ಗಂಟೆ ಏಳೂವರೆಯಾಯಿತು. ಅಂದರೆ ಉಪವಾಸ ಬಿಟ್ಟು, ಉಂಡ ಮೇಲಿನ ಸಕ್ಕರೆ.

ಹೊಸ ಕೋಷ್ಟಕ ನೋಡಿ ಡಾಕ್ಟರ್ ಕ್ಷಮೆ ಕೇಳಿದರು. ಉಪವಾಸ ಮುಂದುವರಿಸಲು ಒಪ್ಪಿದರು. ಸೊಸೆ ಅತ್ತೆಯ ಚೀಲವನ್ನು ತಾನೇ ಎತ್ತಿಕೊಂಡಳು. ನಮ್ಮಲ್ಲಿ ಗಲ್ಫಿನ ಮೀಟರುಗಳು ಇನ್ನೂ ಇದ್ದವು. ಇಡೀ ಕಾಲಂಗೆ ಒಂದೂವರೆ ಗಂಟೆ ಕೂಡಿಸಿದರೆ ಊರಿನ ಮೀಟರುಗಳ ಹೊತ್ತು ಕೆಡುತ್ತಿತ್ತು. ಎರಡು ದಿನ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿ ಸರಿಪಡಿಸಿದೆ.

ಅಂದು ಹೊರಡುವಾಗ ಆಯಿಸಮ್ಮನಲ್ಲಿ ನಾನೂ ಕ್ಷಮೆ ಕೇಳಿದ್ದೆ. ಅವರು ನಕ್ಕರು.

"ಮಿಷನಿನತ್ರ ಒಂದು ವಾರದ್ದು ಕೇಳಿದ್ರಿ. ನನ್ನತ್ರ ಒಂದು ಮಾತು ಮೊದಲೇ ಕೇಳ್ಬಹುದಿತ್ತಲ್ಲ ಮಾರಾಯ್ರೆ?"

ಕೆಲಸದಲ್ಲಿದ್ದ ಉಳಿದಷ್ಟು ದಿನವೂ ಮೀಟರಿಗೆ ವೈರ್ ಸಿಕ್ಕಿಸುವ ಮೊದಲು ರೋಗಿಯನ್ನು ಕೂರಿಸಿ ಮಾತಾಡಿಸಿದೆ.