ಕುಂಚಾವರಂ ದಾರಿಯ ಮನೆ

ಒಣಗಿದ ತೊಗರಿ ಕಟ್ಟಿಗೆ ಉರಿಯುವಾಗ ಬರುವ ವಾಸನೆ ನಮ್ಮ ಕಡೆಯವರಿಗೆ ಗೊತ್ತು. ಸ್ವಲ್ಪ ಸಿಹಿ, ಸ್ವಲ್ಪ ಖಾರ. ಸೀರೆಗೆ ಹತ್ತಿದರೆ ಒಗೆದರೂ ಬಿಡುವುದಿಲ್ಲ. ಹೋದ ಚಳಿಗಾಲದಲ್ಲಿ ಚಿಂಚೋಳಿಗೆ ಹೊರಟಿದ್ದ ಬಸ್ಸು ಯಾವುದೋ ಹೊಲದ ಪಕ್ಕ ಕೆಟ್ಟು ನಿಂತಿತು. ಅಲ್ಲಿ ಯಾರೋ ಮೂರು ಕಲ್ಲಿಟ್ಟು ಒಲೆ ಹೂಡಿ ರೊಟ್ಟಿ ಬಡಿಯುತ್ತಿದ್ದರು. ಆ ಹೊಗೆ ಕಿಟಕಿಯೊಳಗೆ ಬಂದದ್ದೇ ತಡ, ನಾನು ಕುಳಿತಲ್ಲೇ ಏಳು ವರ್ಷದವಳಾದೆ. ಕುಂಚಾವರಂ ದಾರಿಯ ಆ ತಗಡಿನ ಮನೆ, ನುಣ್ಣಗಿನ ಶಹಾಬಾದ್ ಫರ್ಸಿಕಲ್ಲು ಹಾಸಿದ ಪಡಸಾಲೆ, ಅಂಗಳದಲ್ಲಿ ಒಲೆ ಊದುತ್ತಿರುವ ಅವ್ವ. ನಿಮಗೂ ಇಂಥದೊಂದು ಮನೆ ಇದ್ದೀತು. ಹೊಗೆಯಲ್ಲಲ್ಲದೆ ಇನ್ನೆಲ್ಲೂ ಉಳಿಯದ ಮನೆ.

ಅದಕ್ಕೂ ಮೊದಲು ನಾವು ಸೇಡಂನಲ್ಲಿದ್ದೆವು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದರು. ಅಲ್ಲಿ ಕನ್ನಡ ಆಡಿದರೆ ಬಾಗಿಲ ಪಕ್ಕ ನಿಲ್ಲಬೇಕು. ಇಂಗ್ಲಿಷ್ ನನಗೆ ಬರುತ್ತಿರಲಿಲ್ಲ, ಕನ್ನಡ ಆಡುವಂತಿರಲಿಲ್ಲ. ನಿಂತು ನಿಂತು ಸಾಕಾಗಿ ಮಾತನ್ನೇ ಬಿಟ್ಟುಬಿಟ್ಟೆ. ಮೊದಲು ಶಾಲೆಯಲ್ಲಿ, ಆಮೇಲೆ ಓಣಿಯಲ್ಲಿ, ಕೊನೆಗೆ ಮನೆಯಲ್ಲೂ. ಕಲಬುರಗಿಯ ಡಾಕ್ಟರು ಗಂಟಲು ನೋಡಿ ಏನೂ ಆಗಿಲ್ಲ ಅಂದರು. ಅಷ್ಟರಲ್ಲಿ ಅಪ್ಪನಿಗೆ ಚಿಂಚೋಳಿಗೆ ವರ್ಗವಾಯಿತು. ಅವ್ವ ಊರ ಹೊರಗೆ ಹೊಲಗಳ ನಡುವೆ ಆ ಮನೆಯನ್ನು ಬಾಡಿಗೆಗೆ ಹಿಡಿದಳು, ನನ್ನನ್ನು ಯಾವ ಶಾಲೆಗೂ ಸೇರಿಸದೆ ಮನೆಯಲ್ಲಿ ತಾನೇ ಕಲಿಸತೊಡಗಿದಳು.

ಸುದ್ದಿ ಮಳಖೇಡಕ್ಕೆ ಮುಟ್ಟಿತು. ಅಲ್ಲಿ ನಮ್ಮ ಮುತ್ಯಾ, ಅಪ್ಪನ ತಂದೆ, ಸಿಮೆಂಟ್ ಫ್ಯಾಕ್ಟರಿಯಲ್ಲಿ ಹಮಾಲಿ ಮಾಡಿ ನಿವೃತ್ತನಾಗಿದ್ದ. ಅವನ ಕಾಲದಲ್ಲಿ ನಮ್ಮ ಕೇರಿಯ ಮಕ್ಕಳನ್ನು ಶಾಲೆಯ ಒಳಗೆ ಬಿಡುತ್ತಿರಲಿಲ್ಲ. ಕಿಟಕಿಯ ಹೊರಗೆ ಕೂತು ನಾಲ್ಕಕ್ಷರ ಕಲಿತವನು ಅವನು. ಮನೆಯ ಗೋಡೆಯ ಮೇಲೆ ಬುದ್ಧನ ಪಕ್ಕ ನೀಲಿ ಕೋಟಿನವರ ಫೋಟೋ. ಅದರ ಎದುರು ನಿಂತು ನನ್ನ ಅಪ್ಪನಿಂದ ‘ಓದತೀನಿ’ ಎಂದು ಆಣೆ ಮಾಡಿಸಿದ್ದನಂತೆ. ಅಂಥವನು ಬೆಳಗಿನ ಬಸ್ಸಿಗೆ ಬಂದು ಅಂಗಳದಲ್ಲಿ ನಿಂತ. ಅವ್ವ ಕೊಟ್ಟ ನೀರು ಮುಟ್ಟಲಿಲ್ಲ.

“ನಮ್ಮನ್ನ ಸಾಲಿ ಹೊರಗ ಕುಂದರಸ್ತಿದ್ರವ್ವಾ,” ಅಂದ. “ಒಳಗ ಹೋಗಲಾಕ ನಮಗ ಒಂದು ಜಲ್ಮ ಹಿಡೀತು. ಒಳಗ ಹೋದ ಕೂಸಿನ್ನ ನೀ ಕೈ ಹಿಡದು ಹೊರಗ ತಂದಿ.”

ಅವ್ವನಿಗೂ ಕಣ್ಣು ತುಂಬಿತ್ತು. “ಮಾವಾ, ಹೊರಗ ಕುಂತರೂ ನಿಮಗ ಬಾಯಿ ಇತ್ತು. ಇಕಿಗಿ ಒಳಗ ಕುಂತು ಬಾಯಿ ಹೋಗ್ಯಾದ. ಮದಲ ಅದು ಬರಲಿ, ಆಮ್ಯಾಗ ಸಾಲಿ.”

ಮುತ್ಯಾ ನನ್ನ ತಲೆ ಸವರಿ, ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಆಮೇಲೆ ವರ್ಷದ ಮೇಲಾದರೂ ನಮ್ಮ ಮನೆ ತುಳಿಯಲಿಲ್ಲ. ಅಪ್ಪ ಹಬ್ಬಕ್ಕೆ ಮಳಖೇಡಕ್ಕೆ ಒಬ್ಬನೇ ಹೋಗಿ ಬರುತ್ತಿದ್ದ. ಬಂದ ದಿನ ಅವನು ಪಡಸಾಲೆಯಲ್ಲಿ, ಅವ್ವ ಒಲೆಯ ಮುಂದೆ, ಬೇರೆ ಬೇರೆ ಕೂತು ಉಣ್ಣುತ್ತಿದ್ದರು. ನನ್ನಿಂದಲೇ ಮನೆ ಒಡೆಯಿತು ಎಂಬುದು ಆ ವಯಸ್ಸಿಗೂ ನನಗೆ ತಿಳಿಯುತ್ತಿತ್ತು.

ಅವ್ವ ಒಬ್ಬಳೇ ಎಷ್ಟು ದಿನ ನಡೆಸಿಯಾಳು? ಪಕ್ಕದ ಹೊಲದ ನೀಲಕ್ಕ ಕೊಡ್ಲಿ ಊರಿನಿಂದ ತಂದ ಸೊಸೆ, ಜೋರು ಬಾಯಿಯ ಹೆಂಗಸು. ಅವಳ ಮಗ ಮಲ್ಲು ಶಾಲೆ ತಪ್ಪಿಸಿ ದಿನವೂ ಹುಣಸೆಗಿಡ ಏರಿ ಕೂರುತ್ತಿದ್ದ. ಒಂದು ದಿನ ಅವನ ಕಿವಿ ಹಿಡಿದು ತಂದು ಅವ್ವನ ಮುಂದೆ ನಿಲ್ಲಿಸಿ, “ಹ್ಯಾಂಗೂ ನಿಮ್ಮ ಮಗಳಿಗಿ ಕಲಸಲಾಕತ್ತೀರಿ, ಈ ಮಂಗ್ಯಾಗೂ ಅಷ್ಟು ಹೇಳ್ರಿ ಅಕ್ಕಾರ,” ಅಂದಳು. ಆಮೇಲೆ ಬ್ಯಾಂಕಿನವರ ಹೆಂಡತಿ ಪದ್ಮಕ್ಕ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆತಂದಳು. ಅವರ ಮನೆಮಾತು ತೆಲುಗು. ಮಕ್ಕಳು ಕನ್ನಡ ಶಾಲೆಯಲ್ಲಿ ಪೆದ್ದರೆನಿಸಿಕೊಂಡಿದ್ದರು. ಹೀಗೆ ಮೂರು ಮನೆಯ ಮಕ್ಕಳು ಒಂದು ಪಡಸಾಲೆಗೆ ಬಂದೆವು. ತಾಯಂದಿರು ಸರದಿಯಂತೆ ಅಡಿಗೆ ಮಾಡುತ್ತಿದ್ದರು, ಸರದಿಯಂತೆ ನಮ್ಮನ್ನು ಕಾಯುತ್ತಿದ್ದರು. ನೀಲಕ್ಕನ ಅತ್ತೆ ಮೊದಮೊದಲು ನಮ್ಮ ಮನೆಯ ರೊಟ್ಟಿಯ ಬಗ್ಗೆ ಏನೋ ಗೊಣಗಿದಳಂತೆ. ನೀಲಕ್ಕ ಮರುದಿನ ಬಂದವಳೇ ಅವ್ವನ ಬುಟ್ಟಿಯಿಂದ ಎರಡು ರೊಟ್ಟಿ ಹೆಚ್ಚಾಗಿಯೇ ತಿಂದಳು.

ನಮಗೆ ಗಂಟೆ ಇರಲಿಲ್ಲ. ಬೆಳಿಗ್ಗೆ ಹಳ್ಳಕ್ಕೆ ಇಳಿಯುತ್ತಿದ್ದೆವು. ಮಳೆಗಾಲದಲ್ಲಿ ಕರಿಮಣ್ಣು ಕಾಲಿಗೆ ಅಂಟಿ ಅಂಟಿ ಬೂಟಿನಷ್ಟು ದಪ್ಪವಾಗುತ್ತಿತ್ತು. ಬೇಸಿಗೆಯಲ್ಲಿ ಅದೇ ನೆಲ ಬಿರಿದು ನಮ್ಮ ಕೈ ಒಳಗೆ ಹೋಗುವಷ್ಟು ಬಾಯಿ ತೆರೆಯುತ್ತಿತ್ತು. ಯಾಕೆ ಎಂದು ಅವ್ವ ಹೇಳುತ್ತಿರಲಿಲ್ಲ, ನಮ್ಮನ್ನೇ ಕೇಳುತ್ತಿದ್ದಳು. ಹೇಮಂತದಲ್ಲಿ ಅಡವಿಯಂಚಿಗೆ ಸೀತಾಫಲಕ್ಕೆ ಹೋಗುವುದು, ಮುತ್ತಲ ಎಲೆ ತಂದು ಪತ್ರಾವಳಿ ಹಚ್ಚುವುದು, ಮಳೆಗಾಲದಲ್ಲಿ ಗೀಜಗ ಗೂಡು ನೇಯುವುದನ್ನು ಬಾವಿಕಟ್ಟೆಯ ಮೇಲೆ ಬೋರಲು ಮಲಗಿ ನೋಡುವುದು. ಪ್ರತಿಯೊಂದು ಗಿಡಕ್ಕೂ ನಮ್ಮಲ್ಲಿ ಎರಡೆರಡು ಹೆಸರು, ಒಂದು ಕನ್ನಡದ್ದು, ಒಂದು ತೆಲುಗಿನದ್ದು. ಪದ್ಮಕ್ಕನ ಚಿಕ್ಕ ಮಗಳು ಒಮ್ಮೆ ಹುಣಸೆಯನ್ನು ‘ಚಿಂತ’ ಅಂದಾಗ ಮಲ್ಲು, “ಯಾತರ ಚಿಂತಿ ಅದಕ?” ಎಂದು ಕೇಳಿದ. ನನಗೆ ನಗು ಬಂತು, ಗಟ್ಟಿಯಾಗಿ. ನಗುತ್ತ ನಗುತ್ತ “ಹುಳಿ ಚಿಂತಿ” ಅಂದೆ. ಒಲೆಯ ಮುಂದಿದ್ದ ಅವ್ವ ತಿರುಗಲಿಲ್ಲ. ತಿರುಗಿದರೆ ನಾನು ಹೆದರಿಯೇನೆಂದು ಹಾಗೆಯೇ ಕೂತಳು, ಕೈಯಲ್ಲಿನ ರೊಟ್ಟಿ ಸೀದು ಹೋಯಿತು.

ಆ ವರ್ಷದ ಎಳ್ಳ ಅಮಾವಾಸ್ಯೆಗೆ ಮುಂಚೆ ನೀಲಕ್ಕ ಯಾರಿಗೂ ಹೇಳದೆ ಮಳಖೇಡಕ್ಕೆ ಹೋದಳು. ನಮ್ಮ ಕೇರಿಗೆ ಹೋಗಿ, ಮುತ್ಯಾನ ಮನೆಯ ಒಳಗೆ ಕೂತು, ನೀರು ಕೇಳಿ ಕುಡಿದು, “ಚರಗ ಚೆಲ್ಲಲಾಕ ನಮ್ಮ ಹೊಲಕ್ಕ ಬರ್ರಿ, ಹಿರೇರು ನೀವು,” ಎಂದು ಕರೆದಳಂತೆ. ಹಾಗೆ ಕರೆದವರಿಗೆ ಇಲ್ಲ ಅನ್ನಲು ಮುತ್ಯಾನಿಂದ ಆಗಲಿಲ್ಲ. ನಿಂತ ಬೆಳೆಗೆ ಎಡೆ ಎರಚುವ ಆ ಹಬ್ಬದ ದಿನ ಬಂದು ಬದುವಿನ ಮೇಲೆ, ನಮ್ಮೆಲ್ಲರಿಂದ ಸ್ವಲ್ಪ ದೂರ, ಕೋಲೂರಿ ಕೂತ. ಬಿಳಿಜೋಳ ಎದೆಯೆತ್ತರ ನಿಂತಿತ್ತು. ನಾವು ಹಳ್ಳದಿಂದ ಒದ್ದೆ ಕಾಲಲ್ಲಿ ಓಡಿ ಬಂದೆವು. ಅವನು ನಮ್ಮ ಕೆಸರು ಕಾಲುಗಳನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿದ. ನಾನು ಸಜ್ಜಿ ಕಡುಬು, ಕಾಳು ಸೊಪ್ಪಿನ ಭಜ್ಜಿ ಹಾಕಿದ ಎಲೆಯನ್ನು ಅವನ ಮುಂದೆ ಇಟ್ಟು ಕೇಳಿದೆ: “ಮುತ್ಯಾ, ಹಸಿವಾಗ್ಯಾದೇನು?”

ನನಗೆ ಮಾತು ಬಂದದ್ದು ಅವನಿಗೆ ಗೊತ್ತಿರಲಿಲ್ಲ. ಅವ್ವ ಹೇಳಿ ಕಳಿಸಿರಲಿಲ್ಲ, ಹೇಳದಂತೆ ಅಪ್ಪನನ್ನೂ ತಡೆದಿದ್ದಳು. ಹೇಳಿದರೆ ಗೆದ್ದ ಹಾಗಾದೀತೆಂದೋ ಏನೋ. ಮುತ್ಯಾ ನನ್ನ ಎರಡೂ ಕೈ ಹಿಡಿದು, “ಇನ್ನೊಮ್ಮಿ ಅನ್ನು ನನ್ನವ್ವಾ,” ಅಂದ. ಅಂದೆ. ರುಮಾಲಿನ ಸೆರಗಿನಿಂದ ಕಣ್ಣೊತ್ತಿಕೊಂಡ. ಕಡುಬು ತಣ್ಣಗಾದ ಮೇಲೆ ಅವ್ವನನ್ನು ಕರೆದ. “ಬಾಯಿ ನೀ ತಂದಿ. ಅಕ್ಷರ ನನಗ ಬಿಡು. ಗಿಡದ ಹೆಸರು ಬಾಯಿಲೇ ಬಂದ್ರ ಸಾಲಂಗಿಲ್ಲ, ಬರಿಲಾಕ ಬರಬೇಕು. ಇಲ್ಲಂದ್ರ ಮತ್ತ ಹೊರಗೇ ಕುಂದರಸ್ತಾರ.”

ಆಮೇಲೆ ಮುತ್ಯಾ ವಾರಕ್ಕೊಮ್ಮೆ ಬರತೊಡಗಿದ. ಫರ್ಸಿಯೇ ಪಾಟಿ, ಸುಣ್ಣದ ಕಡ್ಡಿಯೇ ಬಳಪ. ನಾವು ತಂದ ಕಾಯಿ, ಗರಿ, ಬೀಜ ಪ್ರತಿಯೊಂದರ ಪಕ್ಕ ಅದರ ಹೆಸರು ತಪ್ಪಿಲ್ಲದೆ ಬರೆದರೆ ಮಾತ್ರ ಮುಂದಿನದಕ್ಕೆ ಬಿಡುತ್ತಿದ್ದ. ಕಟ್ಟುನಿಟ್ಟಿನ ಮನುಷ್ಯ. ಮಲ್ಲುಗೆ ಒತ್ತಕ್ಷರ ಕಲಿಸಲು ಒಂದು ಮಳೆಗಾಲವೇ ಹಿಡಿಯಿತು.

ಆ ಪಡಸಾಲೆಯ ಶಾಲೆ ಮುರಿದದ್ದು ಜಗಳದಿಂದಲ್ಲ. ಪದ್ಮಕ್ಕನ ಗಂಡನಿಗೆ ವರ್ಗವಾಯಿತು. ಮಲ್ಲು ಹಾಸ್ಟೆಲಿಗೆ ಹೋದ. ನಾನು ಹೈಸ್ಕೂಲಿಗೆ ಸೇರಿದೆ, ಮೊದಲ ದಿನ ಹೆಸರು ಕೇಳಿದಾಗ ಎದ್ದು ನಿಂತು ಹೇಳಿದೆ. ನಾನು ಕಾಲೇಜಿಗೆ ಸೇರಿದ್ದನ್ನು ನೋಡಿಯೇ ಮುತ್ಯಾ ಕಣ್ಣು ಮುಚ್ಚಿದ. ಮನೆ ಕೆಡವಿದರು. ಈಗ ಅಲ್ಲಿ ಒಂದು ಧಾಬಾ ಇದೆ. ಹೋದ ಚಳಿಗಾಲಕ್ಕೂ ಮುಂಚಿನ ಬೇಸಿಗೆಯಲ್ಲಿ ಅವ್ವ ತೀರಿಕೊಂಡಳು.

ಬಸ್ಸು ಕೆಟ್ಟ ಆ ದಿನ, ಚಿಂಚೋಳಿ ಮುಟ್ಟಿ ಮಲ್ಲುವಿನ ಬೀಜದ ಅಂಗಡಿಗೆ ಹೋದೆ. ಅವ್ವ ಹೋದದ್ದು ಅವನಿಗೆ ತಡವಾಗಿ ತಿಳಿದಿತ್ತು. ಮಣ್ಣಿಗೆ ಬರಲಾಗಲಿಲ್ಲವೆಂದು ತಲೆ ತಗ್ಗಿಸಿದ. ಇಬ್ಬರೂ ಧಾಬಾದ ತನಕ ನಡೆದು, ಹಳ್ಳದ ಕಡೆ ಮುಖ ಮಾಡಿ ಚಹಾ ಕುಡಿದೆವು. ನೀರು ಕಡಿಮೆಯಾಗಿತ್ತು. ಆಚೆ ದಂಡೆಯ ಜಾಲಿಯಲ್ಲಿ ಒಂದು ಹಕ್ಕಿ ಕೂಗಿತು. ಇಬ್ಬರೂ ಒಮ್ಮೆಗೇ ತಲೆಯೆತ್ತಿದೆವು. ಅಲ್ಲಿ ಕೂತಿದ್ದವರಲ್ಲಿ ಬೇರೆ ಯಾರೂ ಎತ್ತಲಿಲ್ಲ. ಅದು ಇನ್ನೊಮ್ಮೆ ಕೂಗಲಿ ಎಂದು, ಚಹಾ ಆರಿದರೂ, ಕಾದು ಕೂತೆವು.